ಚಿತ್ರದ ಬೆನ್ನು, ನೋಯುವ ಬೆನ್ನು

ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಒಬ್ಬರು, ಮತ್ತು ಮೂಳೆ-ಕೀಲು ವಿಭಾಗದಲ್ಲಿ ಫಿಸಿಯೋಥೆರಪಿಸ್ಟ್ ಆಗಿರುವ ಅವರ ಅಣ್ಣನ ಮಗಳು. ಮಾತು ಅವರಿಬ್ಬರದು.

ಚಿಕ್ಕಪ್ಪ: ಸೊಂಟ ನೋವು ಎಂದು ಬಂದವರನ್ನು ತಕ್ಷಣ ಸ್ಕ್ಯಾನಿಂಗ್‌ಗೆ ಕಳಿಸಬಾರದು ಅನ್ನುವ ನಿಮ್ಮ ಈಗಿನ ಪಾಠ ನನಗೆ ಒಪ್ಪಿಗೆಯಾಗಿಲ್ಲ, ಪುಟ್ಟಿ. ವಿಜ್ಞಾನ ಮುಂದೆ ಬಂದದ್ದೇ ಕಣ್ಣಿಗೆ ಕಾಣದ್ದನ್ನು ಕಾಣಿಸಿ. 1895ರಲ್ಲಿ ರಾಂಟ್ಜೆನ್ ಎಕ್ಸ್‌ರೇ ಕಂಡುಹಿಡಿಯುವವರೆಗೆ ಮುರಿದ ಮೂಳೆಯನ್ನೂ ಬೆರಳಲ್ಲಿ ಒತ್ತಿಯೇ ಅಂದಾಜು ಮಾಡಬೇಕಿತ್ತು. ಬೆನ್ನಿನ ವಿಷಯದಲ್ಲೂ ಹಾಗೆಯೇ. 1934ರಲ್ಲಿ ಬಾಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ ಎಂಬ ಇಬ್ಬರು ಶಸ್ತ್ರವೈದ್ಯರು, ಬೆನ್ನೆಲುಬಿನ ಡಿಸ್ಕ್ ಒಡೆದು ಅದರ ತಿರುಳು ಹೊರಚಾಚಿ ನರವನ್ನು ಒತ್ತಿದಾಗ ಪಿರ್ರೆಯಿಂದ ಪಾದದವರೆಗೆ ನೋವು ಇಳಿಯುತ್ತದೆ ಎಂದು ತೋರಿಸಿಕೊಟ್ಟರು. ಅದಕ್ಕೆ ಮೊದಲು ಆ ನೋವಿಗೆ ವಾಯು, ಶೀತ, ನರದ ಉರಿ ಎಂದು ಏನೇನೋ ಕಾರಣ ಹೇಳುತ್ತಿದ್ದರು. ಆವತ್ತು ಅವರು ಮೈ ಕೊಯ್ದು ಕಂಡದ್ದನ್ನು ಇವತ್ತು ಎಂಆರ್‌ಐ ಯಂತ್ರ ಒಂದು ಗೀರೂ ಇಲ್ಲದೆ ಕಾಣಿಸುತ್ತದೆ. ಜಿಲ್ಲಾ ಕೇಂದ್ರಗಳಲ್ಲೂ ಆ ಯಂತ್ರ ಬಂದಿದೆ. ಇಷ್ಟೆಲ್ಲ ಇದ್ದೂ ನೋಡಬೇಡಿ ಅನ್ನುವುದು ಕಣ್ಣು ಮುಚ್ಚಿಕೊಂಡು ಚಿಕಿತ್ಸೆ ಮಾಡಿದಂತಲ್ಲವೇ?

ಅಣ್ಣನ ಮಗಳು: ಮಿಕ್ಸ್ಟರ್, ಬಾರ್ ಕಂಡದ್ದು ನಿಜ ಚಿಕ್ಕಪ್ಪ. ಆದರೆ ಅವರು ನೋಡಿದ್ದು ಕಾಲಿಗೆ ನೋವಿಳಿದು ನರಳುತ್ತಿದ್ದವರನ್ನು ಮಾತ್ರ. ನೋವೇ ಇಲ್ಲದವರ ಬೆನ್ನೊಳಗೆ ಏನಿರುತ್ತದೆ ಎಂಬ ಪ್ರಶ್ನೆಗೆ ಆಗ ಉತ್ತರ ಸಿಗುವಂತಿರಲಿಲ್ಲ, ಯಾಕೆಂದರೆ ನೆಟ್ಟಗಿರುವವರ ಬೆನ್ನನ್ನು ಯಾರೂ ಕೊಯ್ದು ನೋಡುವುದಿಲ್ಲ. ಎಂಆರ್‌ಐ ಬಂದ ಮೇಲೆ ಅದು ಸಾಧ್ಯವಾಯಿತು. 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವಿಲ್ಲದ 98 ಜನರ ಸೊಂಟದ ಸ್ಕ್ಯಾನ್ ಮಾಡಿದರು. ನೋವಿದ್ದವರ ಕೆಲವು ಚಿತ್ರಗಳನ್ನೂ ಜೊತೆಗೆ ಬೆರೆಸಿ, ಯಾವುದು ಯಾರದ್ದು ಎಂದು ಹೇಳದೆ ತಜ್ಞರ ಕೈಗೆ ಕೊಟ್ಟರು. ನೋವಿಲ್ಲದ 98 ಜನರಲ್ಲಿ ಶೇಕಡಾ 52 ಮಂದಿಗೆ ಒಂದಾದರೂ ಡಿಸ್ಕ್ ಉಬ್ಬಿತ್ತು, ಶೇಕಡಾ 27 ಮಂದಿಗೆ ಇನ್ನೂ ಮುಂದಕ್ಕೆ ಚಾಚಿಕೊಂಡಿತ್ತು. ಎಲ್ಲ ಡಿಸ್ಕೂ ಸರಿಯಾಗಿವೆ ಎನ್ನಿಸಿಕೊಂಡವರು ಶೇಕಡಾ 36 ಮಾತ್ರ. 2015ರಲ್ಲಿ ಇಂಥ 33 ಅಧ್ಯಯನಗಳನ್ನು ಒಟ್ಟು ಮಾಡಿದರು. ನೋವಿಲ್ಲದ 3,110 ಜನರ ಲೆಕ್ಕ. ಇಪ್ಪತ್ತರ ಹರೆಯದವರಲ್ಲೇ ಶೇಕಡಾ 37 ಮಂದಿಯ ಡಿಸ್ಕ್ ಸವೆಯಲು ಶುರುವಾಗಿತ್ತು, ಎಂಬತ್ತರ ವಯಸ್ಸಿಗೆ ಅದು ಶೇಕಡಾ 96. ಇದೇ ಸವೆತವನ್ನು ನಮ್ಮ ರಿಪೋರ್ಟುಗಳಲ್ಲಿ ‘ಡಿಜೆನರೇಟಿವ್ ಚೇಂಜಸ್’ ಎಂದು ಬರೆದು ಕೊಡುತ್ತಾರೆ, ಮನೆಗೆ ಬಂದವರು ‘ಗ್ಯಾಪ್ ಬಿದ್ದಿದೆಯಂತೆ, ಬೆನ್ನೆಲುಬೇ ಸವೆದುಹೋಗಿದೆಯಂತೆ’ ಎಂದು ಕಣ್ಣೀರು ಹಾಕುತ್ತಾರೆ. ಊರಿನ ನಕ್ಷೆ ನೋಡಿ ಬೀದಿ ಎಷ್ಟು ಇಕ್ಕಟ್ಟು ಎಂದು ಹೇಳಬಹುದು, ಯಾವ ಮನೆಯಲ್ಲಿ ಜಗಳ ನಡೆದಿದೆ ಎಂದು ಹೇಳಲಾಗುವುದಿಲ್ಲ. ಎಂಆರ್‌ಐ ಕೊಡುವುದು ಅಂಥ ನಕ್ಷೆಯನ್ನು.

ಚಿಕ್ಕಪ್ಪ: ಅಂಕಿ ಅಂಶ ಒಪ್ಪಿದೆ. ಆದರೆ ತರ್ಕದಲ್ಲಿ ಒಂದು ತೊಡಕಿದೆ. ನೋವಿಲ್ಲದವರಲ್ಲೂ ಉಬ್ಬು ಕಾಣುತ್ತದೆ ಅಂದಮಾತ್ರಕ್ಕೆ ನೋವಿರುವವರಲ್ಲಿ ಅದೇ ಉಬ್ಬು ಕಾರಣವಲ್ಲ ಎಂದಾಗುವುದಿಲ್ಲ. ರಕ್ತದೊತ್ತಡ ಹೆಚ್ಚಿರುವ ಎಷ್ಟೋ ಜನರಿಗೆ ಏನೂ ಆಗುವುದಿಲ್ಲ, ಹಾಗಂತ ರಕ್ತದೊತ್ತಡ ನಿರಪರಾಧಿಯಲ್ಲ. ನೋವಿರುವವರನ್ನೂ ಇಲ್ಲದವರನ್ನೂ ಅಕ್ಕಪಕ್ಕ ಇಟ್ಟು ಎಣಿಸಬೇಕು. ಇನ್ನೊಂದು ಮಾತು: ಕಾರಣವಲ್ಲ ಎಂದೇ ಇಟ್ಟುಕೊಳ್ಳೋಣ, ನೋಡಿದರೆ ಹೋಗುವುದೇನು? ಎಂಆರ್‌ಐನಲ್ಲಿ ವಿಕಿರಣವೂ ಇಲ್ಲ. ಕೆಲವು ಸಾವಿರ ರೂಪಾಯಿ ಹೋದರೆ ಹೋಗಲಿ, ಮನಸ್ಸಿಗೆ ನಿಶ್ಚಿಂತೆಯಾದರೂ ಸಿಗುತ್ತದೆ.

ಅಣ್ಣನ ಮಗಳು: ಅಕ್ಕಪಕ್ಕ ಇಟ್ಟೂ ಎಣಿಸಿದ್ದಾರೆ. ಐವತ್ತರೊಳಗಿನವರಲ್ಲಿ ಡಿಸ್ಕ್ ಉಬ್ಬುವುದು, ಹೊರಚಾಚುವುದು ನೋವಿದ್ದವರಲ್ಲೇ ಜಾಸ್ತಿ. ಸಂಬಂಧವೇ ಇಲ್ಲ ಎಂದು ವಾದಿಸಿದರೆ ಸುಳ್ಳಾಗುತ್ತದೆ. ಆದರೆ ಗುಂಪಿನಲ್ಲಿ ಕಾಣುವ ಸಂಬಂಧವನ್ನು ಎದುರಿಗೆ ಕೂತ ಒಬ್ಬ ಮನುಷ್ಯನಿಗೆ ಅಂಟಿಸಿ, ‘ನಿನ್ನ ನೋವಿಗೆ ಇದೇ ಕಾರಣ’ ಎಂದು ಹೇಳುವಷ್ಟು ಅದು ಗಟ್ಟಿಯಲ್ಲ. ಇನ್ನು ನೋಡಿದರೆ ಹೋಗುವುದೇನು ಎಂದಿರಿ. ನಿಜವಾದ ನಷ್ಟ ಆಗುವುದು ಅಲ್ಲೇ. ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ತಜ್ಞರು 2021ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಬಹಳ ದಿನಗಳಿಂದ ಸೊಂಟನೋವಿದ್ದ 44 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂಆರ್‌ಐ ವರದಿಯನ್ನು ಇದ್ದಹಾಗೆ ಬಿಡಿಸಿ ಹೇಳಿದರು. ಇನ್ನೊಂದಕ್ಕೆ, ಸ್ಕ್ಯಾನ್ ಚೆನ್ನಾಗಿದೆ, ಕಾಣುವುದೆಲ್ಲ ವಯಸ್ಸಿಗೆ ತಕ್ಕ ಬದಲಾವಣೆ ಅಷ್ಟೇ ಎಂದರು. ಆರು ವಾರದ ಮೇಲೆ ನೋಡಿದರೆ ವರದಿ ಪೂರ್ತಿ ಕೇಳಿಸಿಕೊಂಡವರಿಗೆ ಭಯ ಹೆಚ್ಚಿತ್ತು, ನೋವು ಅಷ್ಟಾಗಿ ಇಳಿದಿರಲಿಲ್ಲ, ಓಡಾಟವೂ ಕಡಿಮೆಯೇ ಇತ್ತು. ಸಂಖ್ಯೆ ಚಿಕ್ಕದು, ಒಂದೇ ಆಸ್ಪತ್ರೆಯದ್ದು; ಅದಕ್ಕೆ ಎಷ್ಟು ತೂಕ ಕೊಡಬೇಕೋ ಅಷ್ಟೇ ಕೊಡೋಣ. ಆದರೆ ದಿನವೂ ನಮ್ಮ ಮುಂದೆ ನಡೆಯುವುದಕ್ಕೂ ಅದಕ್ಕೂ ತಾಳೆಯಾಗುತ್ತದೆ. ನೀವು ಹೇಳುವ ನಿಶ್ಚಿಂತೆ ಆ ಲಕೋಟೆಯಲ್ಲಿ ಸಿಗುವುದು ಅಪರೂಪ, ಯಾಕೆಂದರೆ ನಲವತ್ತು ದಾಟಿದವರ ಸ್ಕ್ಯಾನ್ ಪೂರಾ ಸ್ವಚ್ಛವಾಗಿ ಬರುವುದೇ ಅಪರೂಪ.

ಭಯ ಬಂದ ಮೇಲೆ ಮನುಷ್ಯ ಮೊದಲು ಮಾಡುವ ಕೆಲಸ ಮಲಗುವುದು. ಬಗ್ಗಬೇಡ, ಎತ್ತಬೇಡ, ನೆಲದ ಮೇಲೆ ಕೂರಬೇಡ ಎಂದು ಮನೆಯವರು ಕಾವಲಿಗೆ ನಿಲ್ಲುತ್ತಾರೆ. ಸೊಂಟಕ್ಕೆ ಬೆಲ್ಟ್ ಬರುತ್ತದೆ, ಮಂಚಕ್ಕೆ ಹಲಗೆ ಬರುತ್ತದೆ. ಈ ಬೆಡ್ ರೆಸ್ಟ್ ಪದ್ಧತಿಗೆ ಒಂದು ಚರಿತ್ರೆಯಿದೆ. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಜಾನ್ ಹಿಲ್ಟನ್, ಆಮೇಲೆ ಲಿವರ್‌ಪೂಲಿನ ಹ್ಯೂ ಓವೆನ್ ಥಾಮಸ್, ಕೀಲಿನ ಕಾಯಿಲೆಗೆ ಅಲುಗಾಡದ ವಿಶ್ರಾಂತಿಯೇ ಮದ್ದು ಎಂದು ಸಾರಿದರು. ಅವರ ಮುಂದಿದ್ದ ರೋಗಿಗಳಲ್ಲಿ ಬಹಳ ಮಂದಿಗೆ ಕೀಲಿನ ಕ್ಷಯ. ಔಷಧಿಯೇ ಇಲ್ಲದ ಆ ಕಾಲದಲ್ಲಿ ಅದು ಸರಿಯಾದ ಮಾರ್ಗವೇ ಆಗಿತ್ತು. ಅದೇ ವಿಶ್ರಾಂತಿಯನ್ನು ಸಾಮಾನ್ಯ ಸೊಂಟನೋವಿಗೂ ಹೇಳಿದ್ದು ಮುಂದಿನವರ ಎಡವಟ್ಟು. ಯಾರೂ ಪರೀಕ್ಷಿಸಿ ನೋಡದೆ ನೂರು ವರ್ಷ ಅದು ಹಾಗೇ ನಡೆದುಬಂತು. 1986ರಲ್ಲಿ ಅಮೆರಿಕದಲ್ಲಿ ಎರಡು ದಿನ ಮಲಗಿ ಎಂದು ಹೇಳಿಸಿಕೊಂಡವರನ್ನೂ ಏಳು ದಿನ ಮಲಗಿ ಎಂದು ಹೇಳಿಸಿಕೊಂಡವರನ್ನೂ ಹೋಲಿಸಿದರು. ಗುಣವಾಗುವುದರಲ್ಲಿ ವ್ಯತ್ಯಾಸವಿಲ್ಲ, ಆದರೆ ಎರಡು ದಿನದವರು ಕಳೆದುಕೊಂಡ ಕೆಲಸದ ದಿನಗಳು ಶೇಕಡಾ 45ರಷ್ಟು ಕಡಿಮೆ. 1995ರಲ್ಲಿ ಹೆಲ್ಸಿಂಕಿ ನಗರಸಭೆಯ 186 ನೌಕರರ ಮೇಲೆ ಇನ್ನೂ ಚೊಕ್ಕವಾದ ಪರೀಕ್ಷೆ ನಡೆಯಿತು. ಒಂದು ಗುಂಪು ಎರಡು ದಿನ ಹಾಸಿಗೆಯಲ್ಲಿ, ಒಂದು ಗುಂಪಿಗೆ ಬೆನ್ನಿನ ವ್ಯಾಯಾಮ, ಮೂರನೆಯದಕ್ಕೆ ನೋವು ತಡೆಯುವಷ್ಟರ ಮಟ್ಟಿಗೆ ದಿನನಿತ್ಯದ ಕೆಲಸ. ಬೇಗ ಚೇತರಿಸಿಕೊಂಡದ್ದು ಮೂರನೆಯ ಗುಂಪು, ಎಲ್ಲರಿಗಿಂತ ನಿಧಾನ ಮಲಗಿದವರದ್ದು. ವ್ಯಾಯಾಮ ಕಲಿಸುವುದೇ ನನ್ನ ವೃತ್ತಿ, ಆದರೂ ಹೇಳಬೇಕು: ಮೊದಲ ದಿನಗಳಲ್ಲಿ ಆ ವ್ಯಾಯಾಮವೂ ಸುಮ್ಮನೆ ಓಡಾಡಿಕೊಂಡಿರುವುದನ್ನು ಮೀರಿಸಲಿಲ್ಲ. ನೋವು ತಿಂಗಳುಗಟ್ಟಲೆ ಉಳಿದವರಿಗೆ ವ್ಯಾಯಾಮ ಬೇಕು, ಅದು ಬೇರೆ ಮಾತು.

ಚಿಕ್ಕಪ್ಪ: ಹೆಲ್ಸಿಂಕಿಯ ನೌಕರನಿಗೆ ‘ಓಡಾಡಿಕೊಂಡಿರು’ ಅನ್ನುವುದು ಸುಲಭ. ನಮ್ಮ ಮಂಡಿಯಲ್ಲಿ 50 ಕಿಲೋ ಮೂಟೆ ಬೆನ್ನ ಮೇಲೆ ಹೊರುವ ಹಮಾಲಿಗೆ, ಕೆಸರಲ್ಲಿ ಸೊಂಟ ಬಗ್ಗಿಸಿ ಹೊತ್ತು ಮುಳುಗುವವರೆಗೆ ನಾಟಿ ಹಾಕುವ ಹೆಂಗಸಿಗೆ ಅದೇ ಮಾತು ಹೇಳುತ್ತೀಯಾ? ಅವರಿಗೆ ದಿನನಿತ್ಯದ ಕೆಲಸವೇ ಬೆನ್ನು ಮುರಿಯುವ ಕೆಲಸ. ಒಡೆದ ಡಿಸ್ಕಿನ ಮೇಲೆ ಮತ್ತೆ ಭಾರ ಬಿದ್ದರೆ ಅದು ಇನ್ನಷ್ಟು ಒಡೆಯುವುದಿಲ್ಲವೇ? ಮತ್ತೆ, ಚಿತ್ರದಲ್ಲಿರುವುದು ಕಾರಣವಲ್ಲ, ಭಯ ಬಿಟ್ಟರೆ ನೋವು ಇಳಿಯುತ್ತದೆ ಎಂದರೆ, ನೋವೆಲ್ಲ ಮನಸ್ಸಿನದ್ದು ಎಂದು ಸುತ್ತಿಬಳಸಿ ಹೇಳಿದಂತಾಯಿತು. ಬಡವರ ನೋವನ್ನು ನಂಬದವರಿಗೆ ಅದು ಒಳ್ಳೆಯ ನೆಪ.

ಅಣ್ಣನ ಮಗಳು: ಕೊನೆಯದಕ್ಕೆ ಮೊದಲು ಉತ್ತರ ಕೊಡುತ್ತೇನೆ, ಅದು ಮುಖ್ಯ. ನೋವು ನಿಜ. ಸೊಂಟದ ಸುತ್ತ ಸ್ನಾಯು ಇದೆ, ಸಣ್ಣ ಕೀಲುಗಳಿವೆ, ಅಸ್ಥಿರಜ್ಜುಗಳಿವೆ, ಡಿಸ್ಕಿನ ಹೊರಗಿನ ಪದರವಿದೆ. ಇವುಗಳಲ್ಲಿ ಯಾವುದರಿಂದ ಬೇಕಾದರೂ ನೋವು ಏಳಬಹುದು. ಯಾವುದರಿಂದ ಎಂದು ಬೊಟ್ಟು ಮಾಡಿ ತೋರಿಸುವ ಶಕ್ತಿ ಸ್ಕ್ಯಾನಿಗಿಲ್ಲ ಎಂದಷ್ಟೇ ನನ್ನ ವಾದ. ಚಿತ್ರದಲ್ಲಿ ಏನೂ ಕಾಣದ ನೋವು ಕೂಡ ಅಷ್ಟೇ ನಿಜ. ಹಾಗೆ ನೋಡಿದರೆ ಚಿತ್ರವನ್ನೇ ಸಾಕ್ಷಿ ಎಂದು ಹಿಡಿದವರೇ, ಸ್ಕ್ಯಾನ್ ಸರಿಯಾಗಿ ಬಂದವರಿಗೆ ‘ನಿನಗೇನೂ ಆಗಿಲ್ಲ’ ಎಂದು ಬಾಗಿಲು ತೋರಿಸುವುದು. ನೋವಿನ ತೀವ್ರತೆಯನ್ನು ಮಿದುಳು, ನರಮಂಡಲ ಸೇರಿ ನಿಗದಿ ಮಾಡುತ್ತವೆ. ನಿದ್ದೆಗೆಟ್ಟರೆ, ಕೆಲಸ ಹೋಗುವ ಚಿಂತೆಯಿದ್ದರೆ, ಇನ್ನು ನಡೆಯಲಾರೆ ಎಂದು ಹೆದರಿದರೆ ಅದೇ ಗಾಯ ಹೆಚ್ಚು ನೋಯುತ್ತದೆ. ಅದು ನಾಟಕವಲ್ಲ, ದೇಹ ಕೆಲಸ ಮಾಡುವ ರೀತಿ.

ಡಿಸ್ಕಿನ ವಿಷಯಕ್ಕೆ ಬರೋಣ. ಅದು ಮೇಲಿನ ಮೂಳೆಗೂ ಕೆಳಗಿನ ಮೂಳೆಗೂ ಬಿಗಿಯಾಗಿ ಬೆಸೆದುಕೊಂಡಿರುತ್ತದೆ, ತನ್ನ ಜಾಗ ಬಿಟ್ಟು ಕದಲುವುದಿಲ್ಲ. ಹೊರಗೆ ಬರುವುದು ಒಳಗಿನ ತಿರುಳು. ಆ ತಿರುಳು ಹೊರಬಿದ್ದರೆ ದೇಹ ಅದನ್ನು ಪರಕೀಯ ವಸ್ತುವೆಂದು ಗುರುತಿಸಿ ಕರಗಿಸಲು ಶುರುಮಾಡುತ್ತದೆ. ಆಶ್ಚರ್ಯವೆಂದರೆ ಎಷ್ಟು ದೊಡ್ಡದಾಗಿ ಹೊರಬಿದ್ದಿದೆಯೋ ಕರಗುವ ಸಂಭವವೂ ಅಷ್ಟು ಹೆಚ್ಚು. ಶಸ್ತ್ರಚಿಕಿತ್ಸೆ ಇಲ್ಲದೆ ಗಮನಿಸಿದ ರೋಗಿಗಳ ಅಧ್ಯಯನಗಳನ್ನೆಲ್ಲ ಸೇರಿಸಿ 2015ರಲ್ಲಿ ಪ್ರಕಟವಾದ ಲೆಕ್ಕದಲ್ಲಿ, ಪೂರ್ತಿ ತುಂಡಾಗಿ ಬೇರ್ಪಟ್ಟ ತಿರುಳು ಶೇಕಡಾ 96 ಪ್ರಕರಣಗಳಲ್ಲಿ ಕುಗ್ಗಿತ್ತು, ಬರೀ ಉಬ್ಬಿದ ಡಿಸ್ಕ್ ಶೇಕಡಾ 13ರಲ್ಲಿ ಮಾತ್ರ. ವರದಿಯಲ್ಲಿ ಓದಲು ಅತಿ ಭಯಂಕರವಾದದ್ದೇ ಹೆಚ್ಚಾಗಿ ಹಿಂದೆ ಸರಿಯುತ್ತದೆ. ಇದನ್ನು ರೋಗಿಗೆ ಯಾರೂ ಹೇಳುವುದಿಲ್ಲ ಎಂಬುದು ನನಗೆ ಬಹಳ ನೋವಿನ ಸಂಗತಿ.

ಹಮಾಲಿಯ ಮಾತು ಮಾತ್ರ ನೀವು ಹೇಳಿದಷ್ಟೇ ಕಠಿಣ. ನೋವು ಜೋರಾಗಿರುವ ದಿನಗಳಲ್ಲಿ ಮೂಟೆ ಹೊರು ಎಂದು ಯಾವ ಅಧ್ಯಯನವೂ ಹೇಳಿಲ್ಲ, ನಾನೂ ಹೇಳುವುದಿಲ್ಲ. ಅವನಿಗೆ ಬೇಕಾದದ್ದು ಎರಡು ಮೂರು ವಾರ ಹಗುರ ಕೆಲಸ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಭಾರ. ಇಎಸ್‌ಐ ಇರುವ ಕಾರ್ಖಾನೆ ಕಾರ್ಮಿಕನಿಗೆ ಕಾಯಿಲೆ ರಜೆಯಲ್ಲಿ ಶೇಕಡಾ 70ರಷ್ಟು ವೇತನ, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಮೂಟೆಗಿಷ್ಟು ಎಂದು ಕೂಲಿ ಎಣಿಸಿಕೊಳ್ಳುವವನಿಗೆ ಅದಿಲ್ಲ. ಅವನು ಒಂದೋ ನೋವಿನ ಮಾತ್ರೆ ನುಂಗಿ ಮಾರನೇ ದಿನವೇ ಭಾರ ಹೊರಬೇಕು, ಇಲ್ಲವೇ ಮನೆಯಲ್ಲಿ ಉಪವಾಸ. ಆದರೆ ಯೋಚಿಸಿ, ಇಂಥವನು ಸಾಲ ಮಾಡಿ ಎಂಆರ್‌ಐ ಮಾಡಿಸಿದರೆ ಅವನ ಯಾವ ಕಷ್ಟ ತೀರುತ್ತದೆ? ಆ ದುಡ್ಡು ಹಲವು ದಿನದ ಕೂಲಿ. ಅದರಲ್ಲಿ ಅವನು ವಿಶ್ರಾಂತಿ ತೆಗೆದುಕೊಳ್ಳಬಹುದಿತ್ತು. ಮೂಟೆಯ ತೂಕ ಇಳಿಸುವುದು, ತಳ್ಳುಗಾಡಿ ಕೊಡುವುದು, ರಜೆಯ ಕೂಲಿ ಕೊಡುವುದು ಇವೆಲ್ಲ ಅವನ ಬೆನ್ನಿಗೆ ನಿಜವಾದ ಚಿಕಿತ್ಸೆ.

ಚಿಕ್ಕಪ್ಪ: ಸರಿ. ಆದರೆ ನಿನ್ನ ಸಾಕ್ಷ್ಯದಲ್ಲಿ ಹೆಚ್ಚಿನದು ಫಿನ್ಲೆಂಡಿನದ್ದು, ಅಮೆರಿಕದ್ದು. ಜಗತ್ತಿನ ಕ್ಷಯರೋಗಿಗಳಲ್ಲಿ ಕಾಲು ಭಾಗ ನಮ್ಮ ದೇಶದಲ್ಲಿದ್ದಾರೆ. ಬೆನ್ನೆಲುಬಿಗೆ ಕ್ಷಯ ತಗುಲಿದವನೂ ಮೊದಲು ಹೇಳುವುದು ಬೆನ್ನುನೋವು ಎಂದೇ. ಅವನಿಗೆ ಆರು ವಾರ ಕಾದು ನೋಡು ಎಂದರೆ ಮೂಳೆ ಕುಸಿದು ಕಾಲು ಸ್ವಾಧೀನ ತಪ್ಪಬಹುದು. ಸಾವಿರಕ್ಕೊಬ್ಬನಾದರೂ ಅವನು ಒಬ್ಬ ಮನುಷ್ಯನೇ ತಾನೆ?

ಅಣ್ಣನ ಮಗಳು: ಈ ಆಕ್ಷೇಪಣೆಯನ್ನು ತಳ್ಳಿಹಾಕುವ ಹಾಗಿಲ್ಲ. ಇಂಗ್ಲೆಂಡಿನ ವೈದ್ಯ ಪರ್ಸಿವಾಲ್ ಪಾಟ್ 1779ರಲ್ಲಿ ವರ್ಣಿಸಿದ ಆ ಕಾಯಿಲೆ ಅವನ ದೇಶದಲ್ಲಿ ಅಪರೂಪವಾಗಿದೆ, ನಮ್ಮ ವಾರ್ಡುಗಳಲ್ಲಿ ಇನ್ನೂ ಇದೆ. ಅದಕ್ಕೇ ನಾವು ಯಾರನ್ನು ಸ್ಕ್ಯಾನಿಗೆ ಕಳಿಸಬೇಕು ಎಂಬ ಗೆರೆಯನ್ನು ಸ್ವಲ್ಪ ಈಚೆಗೇ ಎಳೆದುಕೊಳ್ಳಬೇಕು. ಆದರೆ ಗೆರೆ ಇರಬೇಕು. ಕ್ಷಯದ ನೋವು ಒಂದು ದಿನ ಬಕೆಟ್ ಎತ್ತುವಾಗ ಛಕ್ಕೆಂದು ಹಿಡಿಯುವುದಲ್ಲ. ವಾರಗಟ್ಟಲೆ ಮೆಲ್ಲಗೆ ಏರುತ್ತದೆ, ಮಲಗಿದರೂ ಬಿಡುವುದಿಲ್ಲ, ರಾತ್ರಿ ಎಬ್ಬಿಸುತ್ತದೆ. ಸಂಜೆ ಜ್ವರ, ಬೆವರು, ಊಟ ಸೇರದೆ ಮೈ ಇಳಿಯುವುದು, ಬೆನ್ನಿನ ಒಂದೇ ಮೂಳೆಯನ್ನು ಬೆರಳಲ್ಲಿ ತಟ್ಟಿದರೆ ಜೀವ ಹೋಗುವಂತಾಗುವುದು, ಇವು ಕಂಡರೆ ಅವತ್ತೇ ಎಂಆರ್‌ಐ ಆಗಬೇಕು. ಕ್ಯಾನ್ಸರ್ ಬಂದು ಹೋದವರಿಗೆ ಹೊಸದಾಗಿ ಬೆನ್ನುನೋವು ಬಂದರೆ, ಎಪ್ಪತ್ತು ದಾಟಿದ ಅಜ್ಜಿ ನೀರಿನ ಕೊಡ ಎತ್ತಿದ್ದಷ್ಟಕ್ಕೇ ಬೆನ್ನು ಹಿಡಿದುಕೊಂಡು ಕುಸಿದರೆ, ಎತ್ತರದಿಂದ ಬಿದ್ದವರಾದರೆ ಚಿತ್ರ ಬೇಕೇ ಬೇಕು. ಅಜ್ಜಿಯದ್ದು ಹೆಚ್ಚಾಗಿ ಟೊಳ್ಳಾದ ಮೂಳೆ ಕುಸಿದದ್ದು, ಅದಕ್ಕೆ ಸಾದಾ ಎಕ್ಸ್‌ರೇಯೇ ಸಾಕಾಗುತ್ತದೆ. ಎಲ್ಲಕ್ಕಿಂತ ತುರ್ತಿನದ್ದು ಇನ್ನೊಂದಿದೆ: ಮೂತ್ರ ಕಟ್ಟಿಕೊಳ್ಳುವುದು ಅಥವಾ ತಿಳಿಯದೆ ಹೋಗುವುದು, ಕೂತಾಗ ಆಸನಕ್ಕೆ ತಾಗುವ ಜಾಗವೆಲ್ಲ ಮರಗಟ್ಟುವುದು. ಅದು ಬೆನ್ನುಹುರಿಯ ಕೊನೆಯ ನರಗೊಂಚಲೇ ಒತ್ತಿಹೋಗಿರುವ ಲಕ್ಷಣ. ಗಂಟೆಗಳ ಲೆಕ್ಕದಲ್ಲಿ ಆಪರೇಷನ್ ಟೇಬಲ್ ಮುಟ್ಟಬೇಕು.

ಇವನ್ನೆಲ್ಲ ಪತ್ತೆ ಮಾಡುವುದಕ್ಕೆ ಮೊದಲು ಬೇಕಾದದ್ದು ಕೇಳುವ ಕಿವಿ, ಮುಟ್ಟುವ ಕೈ. ರೋಗಿಯನ್ನು ಅಂಗಾತ ಮಲಗಿಸಿ ಮಂಡಿ ಮಡಚದೆ ಕಾಲನ್ನು ನಿಧಾನವಾಗಿ ಮೇಲೆತ್ತಬೇಕು. ಅರ್ಧಕ್ಕೂ ಮೊದಲೇ ಮಂಡಿಯ ಕೆಳಗಿನವರೆಗೆ ಕರೆಂಟು ಹೊಡೆದಂತೆ ನೋವು ಓಡಿದರೆ ನರದ ಬೇರಿಗೆ ಏನೋ ತಾಗುತ್ತಿದೆ ಎಂದು ಅನುಮಾನಿಸಬೇಕು. ತೊಡೆಯ ಹಿಂಭಾಗ ಬರೀ ಸೆಳೆದರೆ ಅದಲ್ಲ. ಕಾಲಿನ ಹೆಬ್ಬೆರಳನ್ನು ನಮ್ಮ ಬೆರಳಿನ ಒತ್ತಡಕ್ಕೆ ಎದುರಾಗಿ ಮೇಲಕ್ಕೆತ್ತಲು ಹೇಳಬೇಕು, ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ, ತುದಿಗಾಲಲ್ಲಿ ನಾಲ್ಕು ಹೆಜ್ಜೆ ನಡೆಸಬೇಕು. ಇನ್ನೊಂದು ಪ್ರಶ್ನೆ ಕೇಳಬೇಕು: ನಡೆಯುವಾಗ ಹವಾಯಿ ಚಪ್ಪಲಿ ಗೊತ್ತಿಲ್ಲದೆ ಕಾಲಿಂದ ಕಳಚಿಕೊಳ್ಳುತ್ತದೆಯೇ? ಹೌದು ಎಂದರೆ ಪಾದ ಎತ್ತುವ ಶಕ್ತಿ ಕುಂದುತ್ತಿದೆ, ಚಿತ್ರವೂ ಬೇಕು, ಶಸ್ತ್ರವೈದ್ಯರೂ ಬೇಕು. ಇಷ್ಟಕ್ಕೆಲ್ಲ ಹತ್ತು ನಿಮಿಷ ಸಾಕು.

ಚಿಕ್ಕಪ್ಪ: ಹಾಗಾದರೆ ಆಪರೇಷನ್ ಮಾಡಿಸಿಕೊಂಡು ಎದ್ದು ಓಡಾಡಿದವರೆಲ್ಲ ಸುಮ್ಮನೆ ಕೊಯ್ಸಿಕೊಂಡರು ಎನ್ನುತ್ತೀಯಾ?

ಅಣ್ಣನ ಮಗಳು: ಇಲ್ಲ. ನೆದರ್‌ಲೆಂಡ್ಸಿನಲ್ಲಿ ಆರರಿಂದ ಹನ್ನೆರಡು ವಾರ ಕಾಲುನೋವಿನಿಂದ ಬಳಲಿದ್ದ 283 ಜನರನ್ನು ಎರಡು ಪಾಲು ಮಾಡಿ ನೋಡಿದ್ದು 2007ರಲ್ಲಿ ಪ್ರಕಟವಾಯಿತು. ಬೇಗ ಆಪರೇಷನ್ ಆದವರು ಬೇಗ ಸುಧಾರಿಸಿಕೊಂಡರು. ಸುಮಾರು ನಾಲ್ಕು ವಾರಕ್ಕೆ, ಕಾದವರು ಹನ್ನೆರಡು ವಾರಕ್ಕೆ. ವರ್ಷ ಕಳೆಯುವಾಗ ಎರಡೂ ಕಡೆ ಶೇಕಡಾ 95 ಮಂದಿ ಗುಣವಾಗಿದ್ದರು. ಕಾಯಿರಿ ಎಂದು ಹೇಳಿಸಿಕೊಂಡವರಲ್ಲಿ ಶೇಕಡಾ 39 ಜನ ನೋವು ತಡೆಯಲಾರದೆ ಕೊನೆಗೆ ಆಪರೇಷನ್ ಮಾಡಿಸಿಕೊಂಡರು ಎಂಬುದನ್ನೂ ಸೇರಿಸಿಯೇ ಓದಬೇಕು. ಅಂದರೆ ಕಾಲಿಗೆ ಇಳಿದ ನೋವಿಗೆ ಆಪರೇಷನ್ ದಾರಿಯನ್ನು ಹತ್ತಿರ ಮಾಡುತ್ತದೆ. ಹತ್ತಿರದ ದಾರಿ ಬೇಕೋ ಬೇಡವೋ ಎಂಬುದು ನೋವುಣ್ಣುವವರ ತೀರ್ಮಾನ. ಕಾಲಿಗೆ ಇಳಿಯದ ಬರೀ ಸೊಂಟನೋವಿಗೆ, ಚಿತ್ರದಲ್ಲಿ ಕಂಡ ಉಬ್ಬಿನ ಮೇಲೆ ಕತ್ತರಿ ಇಡುವುದು ಈ ಅಧ್ಯಯನದ ಲೆಕ್ಕಕ್ಕೆ ಬರುವುದಿಲ್ಲ.

ಚಿಕ್ಕಪ್ಪ: ಒಪ್ಪಿದರೂ ನಡೆಯುವುದು ಕಷ್ಟ. ಹೊರರೋಗಿ ವಿಭಾಗದ ಮುಂದೆ ಸಾಲು ನಿಂತಿರುತ್ತದೆ, ನೀನು ಹೇಳುವ ಹತ್ತು ನಿಮಿಷ ಯಾರ ಹತ್ತಿರ ಇದೆ? ಚೀಟಿ ಬರೆಯುವುದು ಬೇಗ ಮುಗಿಯುವ ಕೆಲಸ. ಸ್ಕ್ಯಾನ್ ಬರೆಯದ ಡಾಕ್ಟರನ್ನು ಜನರೂ ನಂಬುವುದಿಲ್ಲ.

ಅಣ್ಣನ ಮಗಳು: ಜನರ ನಂಬಿಕೆ ಬದಲಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ಸಾಕ್ಷಿ. 1997ರಿಂದ 1999ರವರೆಗೆ ಅಲ್ಲಿ ಟಿವಿಯಲ್ಲಿ, ಬೆನ್ನು ನೋಯುತ್ತದೆಂದು ಮಲಗಬೇಡಿ, ಕೆಲಸದಲ್ಲಿರಿ ಎಂದು ವೈದ್ಯರು, ಆಟಗಾರರು ಪದೇ ಪದೇ ಹೇಳಿದರು. ಪಕ್ಕದ ನ್ಯೂ ಸೌತ್ ವೇಲ್ಸ್‌ನಲ್ಲಿ ಇಂಥ ಪ್ರಚಾರ ಇರಲಿಲ್ಲ. ವಿಕ್ಟೋರಿಯಾದಲ್ಲಿ ಜನರ ನಂಬಿಕೆಯೂ ಬದಲಾಯಿತು, ವೈದ್ಯರದ್ದೂ ಬದಲಾಯಿತು, ಬೆನ್ನುನೋವಿನ ಪರಿಹಾರದ ಅರ್ಜಿಗಳೂ ಇಳಿದವು. ಆದರೆ ವರದಿಯ ಕಾಗದವನ್ನಷ್ಟೇ ತಿದ್ದಿದರೆ ಸಾಲದು. ಅಮೆರಿಕದಲ್ಲಿ ಎರಡೂವರೆ ಲಕ್ಷ ರೋಗಿಗಳ ವರದಿಯ ಕೆಳಗೆ, ಇಂಥ ಬದಲಾವಣೆ ನೋವಿಲ್ಲದವರಲ್ಲೂ ಇಷ್ಟು ಶೇಕಡಾ ಇರುತ್ತದೆ ಎಂದು ಅಚ್ಚು ಹಾಕಿ ನೋಡಿದರು. 2020ರಲ್ಲಿ ಬಂದ ಫಲಿತಾಂಶದಲ್ಲಿ ಚಿಕಿತ್ಸೆಗಳ ಒಟ್ಟು ಪ್ರಮಾಣ ಕಡಿಮೆಯಾಗಿರಲಿಲ್ಲ, ಅಫೀಮು ಜಾತಿಯ ನೋವಿನ ಮಾತ್ರೆ ಬರೆಯುವುದು ಮಾತ್ರ ಅಲ್ಪಸ್ವಲ್ಪ ಇಳಿದಿತ್ತು. ಕಾಗದ ಓದಿ ಯಾರೂ ಧೈರ್ಯ ತಂದುಕೊಳ್ಳುವುದಿಲ್ಲ, ಎದುರು ಕೂತು ಹೇಳುವವರು ಬೇಕು. 2020ರ ಅಂದಾಜಿನಂತೆ ಜಗತ್ತಿನಲ್ಲಿ 61.9 ಕೋಟಿ ಜನರಿಗೆ ಸೊಂಟನೋವಿತ್ತು, 2050ರ ಹೊತ್ತಿಗೆ 84.3 ಕೋಟಿ ಆಗಬಹುದು. ಇಷ್ಟು ಜನರನ್ನು ಯಂತ್ರದೊಳಗೆ ತೂರಿಸುವುದಕ್ಕಿಂತ, ತಾಲ್ಲೂಕು ಆಸ್ಪತ್ರೆಗೊಬ್ಬ ಫಿಸಿಯೋಥೆರಪಿಸ್ಟನ್ನು ಕೂರಿಸಿ ಆ ಹತ್ತು ನಿಮಿಷವನ್ನು ಅವರಿಗೆ ವಹಿಸುವುದು ಕಡಿಮೆ ಖರ್ಚಿನದ್ದು.

ಚಿಕ್ಕಪ್ಪ: ಈಗಾಗಲೇ ಸ್ಕ್ಯಾನ್ ಮಾಡಿಸಿ, ಕವರು ಹಿಡಿದು, ಹೆದರಿ ಕೂತವರಿಗೆ ಏನು ಹೇಳುವುದು?

ಅಣ್ಣನ ಮಗಳು: ಕವರನ್ನು ಬಿಸಾಡಬೇಕಿಲ್ಲ. ವರದಿ ಎಡಗಡೆ ನರ ಒತ್ತಿದೆ ಎನ್ನುತ್ತದೆ, ನೋವು ಬಲಗಾಲಿಗೆ ಇಳಿಯುತ್ತದೆ ಎಂದಾದರೆ ಆ ಒತ್ತಡಕ್ಕೂ ಈ ನೋವಿಗೂ ಸಂಬಂಧವಿಲ್ಲ. ಬದಿ, ಜಾಗ, ಪರೀಕ್ಷೆ ಮೂರೂ ಹೊಂದಿದರೆ ಮಾತ್ರ ಚಿತ್ರಕ್ಕೆ ಬೆಲೆ. ಅದನ್ನು ಪರೀಕ್ಷೆ ಮಾಡಿದವರ ಬಾಯಿಂದ ಕೇಳಿ ತಿಳಿದುಕೊಳ್ಳಬೇಕು. ನಾನು ಹೇಳಿದ ಅಪಾಯದ ಚಿಹ್ನೆಗಳು ಇಲ್ಲ ಎಂದು ಖಾತ್ರಿಯಾದರೆ, ನಾಳೆ ಬೆಳಿಗ್ಗೆ ಎದ್ದು ಅಂಗಳದಲ್ಲಿ ತಡೆಯುವಷ್ಟು ನಡೆಯಲಿ, ನಾಡಿದ್ದು ಇನ್ನೊಂದಿಷ್ಟು. ನಡೆಯುವಾಗ ಒಂದಿಷ್ಟು ನೋಯುತ್ತದೆ, ಅದರಿಂದ ಡಿಸ್ಕ್ ಕೆಡುವುದಿಲ್ಲ. ಬಿಸಿನೀರಿನ ಶಾಖ ಹಿತವೆನಿಸಿದರೆ ಕೊಟ್ಟುಕೊಳ್ಳಲಿ. ಬೆಲ್ಟು ಬಸ್ಸಿನ ಪ್ರಯಾಣಕ್ಕೆ ಬೇಕೆನಿಸಿದರೆ ಹಾಕಲಿ, ಮನೆಯಲ್ಲಿ ತೆಗೆದಿಡಲಿ. ಹೊಸದಾಗಿ ಹಿಡಿದ ಸೊಂಟನೋವು ಪ್ಯಾರಾಸಿಟಮಾಲ್ ತಿಂದವರಲ್ಲೂ, ಅದೇ ಥರದ ಪೊಳ್ಳು ಮಾತ್ರೆ ತಿಂದವರಲ್ಲೂ ಸರಿಸುಮಾರು ಹದಿನೇಳು ದಿನಕ್ಕೆ ಅರ್ಧದಷ್ಟು ಜನರನ್ನು ಬಿಟ್ಟುಹೋಯಿತು ಎಂದು 2014ರ ಆಸ್ಟ್ರೇಲಿಯಾದ ಪರೀಕ್ಷೆ ತೋರಿಸಿದೆ. ಉಳಿದವರಿಗೆ ಇನ್ನಷ್ಟು ವಾರ ಬೇಕಾಗುತ್ತದೆ. ಆರು ವಾರ ಕಳೆದರೂ ಇಳಿಮುಖವಾಗದಿದ್ದರೆ, ಅಥವಾ ಅದಕ್ಕೂ ಮೊದಲೇ ಪಾದದ ಬಲ ಕಡಿಮೆಯಾದರೆ, ಆ ಕವರನ್ನೂ ಎತ್ತಿಕೊಂಡು ಮತ್ತೆ ಬರಲಿ.